ಅಮೆರಿಕದ ಸೀಟು ಸುಲಭ ಆಯ್ತಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ, ಅಮೆರಿಕಕ್ಕೇ ಹೋಗ್ಬೇಕು ಅಂತ ಹಠ. ನನ್ನ ಭಾವ ಹೇಳ್ತಾರೆ, ಅಲ್ಲಿ ಕೋರ್ಟು ಕಪ್ಪು ಜನರ ಮೀಸಲಾತಿ ತೆಗೆದಿದೆ, ಇನ್ನು ಹಾರ್ವರ್ಡ್ ನಮ್ಮವ್ರಿಗೆ ಸುಲಭ ಅಂತ. ಹೌದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಭಾವ ಹೇಳಿದ್ದು ಅರ್ಧ ಸರಿ ಮಾರಾಯ್ರೆ. 2023ರ ಜೂನ್ 29ಕ್ಕೆ ಅಲ್ಲಿನ ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ಯುನಿವರ್ಸಿಟಿ ಕೇಸಲ್ಲಿ ಅಡ್ಮಿಷನ್‌ಗೆ ಜನಾಂಗ ನೋಡುವ ಹಾಗಿಲ್ಲ ಅಂದದ್ದು ಹೌದು. ಆದ್ರೆ ನಮ್ಮ ಸಿಇಟಿಯಲ್ಲಿ ಟು ಎ, ತ್ರೀ ಬಿ ಅಂತ ಉಂಟಲ್ಲ, ಹಾಗೆ ಸೀಟು ಎಣಿಸಿ ಇಡೋದನ್ನು ಅಲ್ಲಿ 1978ರ ತೀರ್ಪಲ್ಲೇ ನಿಲ್ಲಿಸಿದ್ರು, ಆಮೇಲೆ ಉಳಿದದ್ದು ಮಾರ್ಕು, ಪ್ರಬಂಧ, ಟೀಚರ್ ಕೊಡುವ ಪತ್ರ ಇದೆಲ್ಲದರ ಜೊತೆ ಜನಾಂಗವನ್ನೂ ಒಂದು ಅಂಶ ಅಂತ ನೋಡೋದು ಅಷ್ಟೆ.

ಹಾರ್ವರ್ಡಲ್ಲಿ ಏಷ್ಯನ್ ಮಕ್ಕಳಿಗೆ ಪರ್ಸನಲ್ ರೇಟಿಂಗ್, ಅಂದ್ರೆ ಸ್ವಭಾವ, ವ್ಯಕ್ತಿತ್ವಕ್ಕೆ ಕೊಡುವ ಅಂಕ, ಕಡಿಮೆ ಕೊಡ್ತಾರೆ ಅಂತ ಕೇಸು ಹಾಕಿದವರ ದೂರು. ತೀರ್ಪಿನ ನಂತ್ರ, 2024ರಲ್ಲಿ ಎಂಐಟಿ (ನಮ್ಮ ಮಣಿಪಾಲದ್ದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ದು) ಸೇರಿದ ಬ್ಯಾಚಲ್ಲಿ ಏಷ್ಯನ್ ಅಮೆರಿಕನ್ನರು 47 ಪರ್ಸೆಂಟ್ ಆದ್ರು, ಕಪ್ಪು ಮಕ್ಕಳು 13ರ ಆಸುಪಾಸಿನಿಂದ 5ಕ್ಕೆ ಇಳಿದ್ರು. ಅಪ್ಪ ಅಮ್ಮ ಅಲ್ಲೇ ಓದಿದ್ರೆ ಸಿಗುವ ಲೆಗಸಿ ಲಾಭವನ್ನು ಮಾತ್ರ ಕೋರ್ಟು ರದ್ದು ಮಾಡ್ಲಿಲ್ಲ, ಇದು ಯಾವ ಸೀಮೆಯ ನ್ಯಾಯವೋ ನಂಗಂತೂ ಗೊತ್ತಾಗುದಿಲ್ಲ.

ನಿಮ್ಮ ಮಗಳದ್ದು ಭಾರತದ ಪಾಸ್‌ಪೋರ್ಟ್ ಆದ್ರೆ ಅವಳು ಇಂಟರ್‌ನ್ಯಾಷನಲ್ ಲೆಕ್ಕಕ್ಕೆ, ಅದೇ ಬೇರೆ ಸಾಲು, ಮೇಲೆ ಹೇಳಿದ ಏಷ್ಯನ್ ಅಮೆರಿಕನ್ನರ ಲೆಕ್ಕದಲ್ಲಿ ಬರುದಿಲ್ಲ. ಸುಮಾರು ಕಾಲೇಜುಗಳು ವಿದೇಶಿ ಮಕ್ಕಳು ಹಣದ ಸಹಾಯ ಕೇಳಿದ್ರಾ ಅಂತಲೂ ನೋಡ್ತವೆ, ಹಾರ್ವರ್ಡ್, ಎಂಐಟಿ ನೋಡುದಿಲ್ಲ. ಎಂತಕ್ಕೂ ಸಿಇಟಿ ಅರ್ಜಿ ಹಾಕಿಡಿ.