ಮಾಗಿ ಚಳಿಗೆ ಸೊರಗಿದ ಕುಂಡದ ಗಿಡಗಳು: ಹಾಸನದ ಅಕ್ಕನ ಪ್ರಶ್ನೆಗೆ

ಅಕ್ಕ, ನೀವು ಹಾಕಿರೋ ಫೋಟೊ ಎಲ್ಲಾ ದೊಡ್ಡದು ಮಾಡಿ ನೋಡಿದೆ. ಹಾಸನದ ತಾರಸಿ, ಒಂದು ವಾರದಿಂದ ಬೆಳಗಿನ ಜಾವ ವಿಪರೀತ ಚಳಿ. ಕರಿಬೇವು ಹಳದಿಯಾಗಿ ಉದುರ್ತಿದೆ, ಟೊಮೆಟೊ ಎಲೆ ಅಡಿಭಾಗ ನೇರಳೆ ಆಗಿದೆ, ಹೂ ನಿಲ್ತಿಲ್ಲ, ತುಳಸಿ ಒಣಗಿದೆ. ಗಾಬರಿಯಾಗಿ ನೀರು ಜಾಸ್ತಿ ಮಾಡಿ ಡಿಎಪಿ ರಾಸಾಯನಿಕ ಗೊಬ್ಬರನೂ ಹಾಕಿದೀರ. ನಿಮ್ಮ ಪ್ರಶ್ನೆಗೆ ಉತ್ತರ ಬರೆದವರಲ್ಲಿ ಒಬ್ಬರು ಪ್ಲಾಸ್ಟಿಕ್ ಹೊದಿಸಿ ಅಂದಿದಾರೆ, ಇನ್ನೊಬ್ಬರು ಬಿಸಿನೀರು ಹಾಕಿ ಅಂತ ಹೇಳಿದಾರೆ. ಎರಡೂ ಬೇಡ.

ಹಿಮ ಕಟ್ಟೋ ಅಷ್ಟು ಚಳಿ ನಮ್ಮ ಕಡೆ ಇಲ್ಲ. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ನಮ್ಮ ಚಿಕ್ಕಮಗಳೂರು 1,000 ಮೀಟರ್ ದಾಟುತ್ತೆ. ಹಾಗಾಗಿ ಡಿಸೆಂಬರ್, ಜನವರಿಲಿ ರಾತ್ರಿ 12-14 ಡಿಗ್ರಿಗೆ ಇಳಿಯೋದು ಮಾಮೂಲು, ಆಗೊಮ್ಮೆ ಈಗೊಮ್ಮೆ 10ರ ಕೆಳಗೂ ಹೋಗುತ್ತೆ. ಅಷ್ಟಕ್ಕೆ ಗಿಡ ಸಾಯಲ್ಲ, ಸುಮ್ಮನೆ ಕೆಲಸ ನಿಲ್ಲಿಸುತ್ತೆ. ಸಾಯೋದು ಹೆಚ್ಚಾಗಿ ನಮ್ಮ ಉಪಚಾರಕ್ಕೆ. ಬೇರು ಕುಡಿಯದೆ ಇರುವಾಗ ತಂಬಿಗೆಗಟ್ಟಲೆ ನೀರು ಹೊಯ್ದರೆ ಕೊಳೆಯೋದು ಬೇರೇನೇ.

ಹಾಗಾಗಿ ಇವತ್ತಿಂದ ನೀರು ನಿಲ್ಲಿಸಿ. ಮಣ್ಣಿಗೆ ತೋರುಬೆರಳು ಎರಡು ಗೆಣ್ಣು ಇಳಿಸಿ ನೋಡಿ. ತುದಿಗೆ ತೇವ ಹತ್ತಿದರೆ ಅವತ್ತು ನೀರು ಬೇಡ. ಕೊಡೋದಿದ್ದರೂ ಬಿಸಿಲು ಬಂದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಬುಡಕ್ಕೆ ಮಾತ್ರ. ಸಂಜೆ ಎಲೆ ಮೇಲೆ ಚಿಮುಕಿಸೋ ಅಭ್ಯಾಸ ಇದ್ದರೆ ಶಿವರಾತ್ರಿವರೆಗೆ ಬಿಟ್ಟುಬಿಡಿ. ಡಿಎಪಿ ಕಾಳು ಇನ್ನೂ ಮೇಲೆ ಕಾಣ್ತಿದ್ದರೆ ಒಂದಿಂಚು ಮಣ್ಣು ಕೆರೆದು ತೆಗೆದು, ಒಣ ಎಲೆಗೊಬ್ಬರ ತುಂಬಿ.

ಟೊಮೆಟೊ ನೇರಳೆ ಆಗಿರೋದು ರಂಜಕ (ಫಾಸ್ಫರಸ್) ಸಿಗದೇ ಇರೋದಕ್ಕೆ, ನಿಜ. ಆದರೆ ಮಣ್ಣಲ್ಲಿ ರಂಜಕ ಇಲ್ಲ ಅಂತ ಅಲ್ಲ, ತಣ್ಣಗಾದ ಬೇರಿಗೆ ಅದನ್ನ ಎಳ್ಕೊಳ್ಳೋಕೆ ಆಗ್ತಿಲ್ಲ. ಮಣ್ಣು ಬೆಚ್ಚಗಾದ ಮೇಲೆ ಬರೋ ಹೊಸ ಎಲೆ ಹಸಿರಾಗೇ ಇರುತ್ತೆ. ಹೂ ಉದುರೋದೂ ಚಳಿಯಿಂದಾನೇ. ರಾತ್ರಿ 13 ಡಿಗ್ರಿ ಕೆಳಗಿಳಿದರೆ ಪರಾಗ ಸರಿಯಾಗಿ ಕಟ್ಟಲ್ಲ. ಹೊತ್ತು ಏರಿದ ಮೇಲೆ ಹೂಗೊಂಚಲಿನ ತೊಟ್ಟನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ, ಒಂದಷ್ಟು ಕಾಯಿ ಕಚ್ಚಬಹುದು. ಬಲಿತ ಕಾಯಿ ಬಣ್ಣ ತಿರುಗೋಕೆ ಶುರುವಾದ ಕೂಡಲೇ ಕಿತ್ತು ಅಡುಗೆಮನೇಲಿ ಬುಟ್ಟಿಗೆ ಹಾಕಿಡಿ, ಅಲ್ಲೇ ಕೆಂಪಗಾಗುತ್ತೆ. ಫ್ರಿಜ್ಜಿಗಿಟ್ಟರೆ ರುಚಿ ಹೋಯ್ತು ಅಂತಾನೇ. ಮೆಣಸಿನ ಗಿಡದ ಕಥೆನೂ ಇದೇ, ಅದನ್ನ ಅದರ ಪಾಡಿಗೆ ಬಿಡಿ.

ಕರಿಬೇವು ಸತ್ತಿದೆಯಾ ಅಂತ ಕೇಳಿದ್ರಿ. ಕಾಂಡದ ತೊಗಟೆನ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದು ಪಸೆ ಇದ್ದರೆ ಗಿಡ ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಸ್ವಲ್ಪ ಕೆಳಗೆ ಇನ್ನೊಂದು ಕಡೆ ಕೆರೆಯಿರಿ, ಎಲ್ಲಿವರೆಗೆ ಜೀವ ಇದೆ ಅಂತ ಗೊತ್ತಾಗುತ್ತೆ. ಚಳೀಲಿ ಎಲೆ ಉದುರಿಸಿಕೊಳ್ಳೋದು ಅದರ ಸ್ವಭಾವ. ಈಗ ಸವರಬೇಡಿ, ಗೊಬ್ಬರನೂ ಬೇಡ, ಮಜ್ಜಿಗೆನೂ ಬೇಡ. ಫೆಬ್ರವರಿ ಕೊನೇಲಿ ಕಣ್ಣು ಒಡೆಯೋಕೆ ಶುರುವಾದಾಗ ತುದಿ ಚಿವುಟಿ, ಆಮೇಲೆ ಕೊಟ್ಟಿಗೆ ಗೊಬ್ಬರ ಕೊಡಿ.

ತುಳಸಿಗೆ ತೊಂದರೆ ಪೂಜೆ ನೀರಿಂದ. ದಿನಾ ತಂಬಿಗೆ ಬಗ್ಗಿಸೋ ಬದಲು ಒಂದು ಉದ್ಧರಣೆ ನೀರು ಹಾಕಿ, ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ. ತುಳಸಿ ಹಬ್ಬ ಕಳೆದ ಮೇಲೆ ಅದು ಬೀಜ ಕಟ್ಟಿ ಒಣಗೋದು ಸಹಜ. ಒಣಗಿದ ಹೂತೆನೆ ಕಿತ್ತು ಬೀಜ ಕಾಗದದಲ್ಲಿ ಕಟ್ಟಿಡಿ.

ಈಗ ಹೊದಿಸೋ ವಿಚಾರ. ಯಾವ ರಾತ್ರಿ ಹೊದಿಸಬೇಕು ಅನ್ನೋದನ್ನ ಆಕಾಶ ನೋಡಿ ತೀರ್ಮಾನ ಮಾಡಿ. ನಮ್ಮ ಕಡೆ ಚಳಿ ಎರಡು ಥರ ಬರುತ್ತೆ, ಎರಡಕ್ಕೂ ಒಂದೇ ಮದ್ದು ಮಾಡೋದ್ರಿಂದಲೇ ಎಡವಟ್ಟಾಗೋದು.

ಒಂದು, ನಿಮಗೆ ಈಗ ಬಂದಿರೋದು. ಮೋಡ ಇಲ್ಲ, ಗಾಳಿ ಇಲ್ಲ, ನಕ್ಷತ್ರ ನಿಚ್ಚಳವಾಗಿ ಕಾಣುತ್ತೆ. ಹಗಲು ಹೀರಿದ ಬಿಸಿಯನ್ನ ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತೆ, ತಡೆಯೋಕೆ ಮೋಡ ಇರಲ್ಲ. ತಣ್ಣಗಾದ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು, ಕಾಂಪೌಂಡ್ ಮೂಲೇಲಿ ಅಥವಾ ತಾರಸಿಯ ಪ್ಯಾರಪೆಟ್ ಗೋಡೆ ಒಳಗೆ ಮಡುಗಟ್ಟುತ್ತೆ. ನಿಮ್ಮ ಕುಂಡಗಳು ಬರಿ ಸಿಮೆಂಟಿನ ಮೇಲೆ ಅಂಥ ಮೂಲೇಲೇ ಇವೆ. ಅವನ್ನ ನಾಲ್ಕು ಇಟ್ಟಿಗೆ ಎತ್ತರಕ್ಕೆ ಏರಿಸಿ, ಪಶ್ಚಿಮದ ಬಿಸಿಲು ಬೀಳೋ ಗೋಡೆಗೆ ಒತ್ತಾಗಿ, ಸಜ್ಜದ ಕೆಳಗೆ ಗುಂಪಾಗಿಡಿ. ನೆತ್ತಿ ಮೇಲೆ ಏನಾದ್ರೂ ಮರೆ ಇದ್ದರೆ ಸಾಕು, ಅರ್ಧ ಕೆಲಸ ಆಯ್ತು. ಮಾವಿನ ಮರದ ಕೆಳಗಿನ ಗಿಡಕ್ಕೆ ಇಬ್ಬನಿ ಕಮ್ಮಿ ಬೀಳೋದೂ ಇದಕ್ಕೇನೇ.

ಅಂಥ ರಾತ್ರಿ ಸೌತೆ, ಹಾಗಲ, ಆಂಥೂರಿಯಂ, ಕನಕಾಂಬರ, ಎಳೆ ಸಸಿಗಳಿಗೆ ಮಾತ್ರ ಹಳೇ ಪಂಚೆನೋ ಕಾಟನ್ ಸೀರೆನೋ ಹೊದಿಸಿ. ಎಲೆಗೆ ತಾಗದ ಹಾಗೆ ಕೋಲು ನೆಟ್ಟು, ಬಟ್ಟೆ ನೆಲದವರೆಗೆ ಇಳಿಬಿಡಿ. ಕುಂಡದ ಮಣ್ಣಿನ ಬಿಸಿ ಒಳಗೇ ಉಳಿಯಬೇಕು. ಬೆಳಿಗ್ಗೆ ಬಿಸಿಲು ತಾಗಿದ ಕೂಡಲೇ ತೆಗೀರಿ. ಪ್ಲಾಸ್ಟಿಕ್ ಆದರೆ ಒಳಗೆ ನೀರು ಹನಿಗಟ್ಟುತ್ತೆ, ಎಲೆ ಅಂಟ್ಕೊಂಡ ಜಾಗ ಹಾಳಾಗುತ್ತೆ, ಮರೆತು ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೂ ಬಿಟ್ಟರೆ ಗಿಡ ಬೆಂದೇ ಹೋಗುತ್ತೆ.

ಮುಚ್ಚಿಗೆ ಬಗ್ಗೆನೂ ಒಂದು ಮಾತು. ಅಡಿಕೆ ಸಿಪ್ಪೆ, ಒಣ ಎಲೆ ಬುಡಕ್ಕೆ ಹಾಕಿದರೆ ಬೇರು ಬೆಚ್ಚಗಿರುತ್ತೆ, ಸರಿ. ಆದರೆ ಮಣ್ಣಿನ ಬಿಸಿ ಮೇಲಕ್ಕೆ ಬರದೆ ಎಲೆ ಇನ್ನಷ್ಟು ತಣ್ಣಗಾಗುತ್ತೆ. ದೊಡ್ಡ ಗಿಡಕ್ಕೆ ಚಿಂತೆ ಇಲ್ಲ. ಗೇಣುದ್ದದ ಸಸಿ ಇರೋ ಕುಂಡದಲ್ಲಿ ಹಗಲು ಮುಚ್ಚಿಗೆ ಪಕ್ಕಕ್ಕೆ ಸರಿಸಿ, ಮಣ್ಣಿಗೆ ಬಿಸಿಲು ಬೀಳಲಿ.

ಇನ್ನೊಂದು ಮೋಡದ ಚಳಿ. ಬಂಗಾಳ ಕೊಲ್ಲಿಲಿ ಚಂಡಮಾರುತ ಎದ್ದರೆ ಸಾಕು, ನಮ್ಮಲ್ಲಿ ಹಗಲೂ ಜಿಟಿಜಿಟಿ. 2022ರ ಡಿಸೆಂಬರಲ್ಲಿ ಮಾಂಡೌಸ್, 2024ರ ನವೆಂಬರ್ ಕೊನೇಲಿ ಫೆಂಗಲ್ ಬಂದಾಗ ನೋಡಿದ್ದೀವಲ್ಲ. ಆಗ ರಾತ್ರಿ ಅಷ್ಟೇನೂ ತಣ್ಣಗಿರಲ್ಲ, ಹೊದಿಸೋದು ದಂಡ, ಇನ್ನೂ ಕೆಡುಕು. ಎಲೆ ದಿನವಿಡೀ ಒದ್ದೆ ಇರೋದೇ ಅಪಾಯ. ಟೊಮೆಟೊ ಎಲೆ ಅಂಚಲ್ಲಿ ಬಿಸಿನೀರು ಬಿದ್ದ ಹಾಗೆ ಕಪ್ಪು ಮಚ್ಚೆ, ಬೆಳಿಗ್ಗೆ ಎಲೆ ಮಗುಚಿದರೆ ಬಿಳಿ ಬೂಸ್ಟು ಕಂಡರೆ ಅದು ಅಂಗಮಾರಿ. ಹಾಸನದ ಆಲೂಗಡ್ಡೆ ಬೆಳೆಗಾರರನ್ನ ಕೇಳಿ ನೋಡಿ, ಅದೇ ರೋಗ ಇದು. ಅಂಥ ಎಲೆ ಕಿತ್ತು ಸುಟ್ಟುಹಾಕಿ, ನೆಲಕ್ಕೆ ತಾಗೋ ಕೊಂಬೆ ಕತ್ತರಿಸಿ, ಗಿಡಗಳ ನಡುವೆ ಗಾಳಿ ಆಡೋ ಹಾಗೆ ಮಾಡಿ. ಮಳೆ ಬರೋ ಸೂಚನೆ ಇದ್ದಾಗಲೇ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆದುಕೊಂಡರೆ ಒಳ್ಳೇದು, ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಅಡಿಕೆ ತೋಟ ಇರೋ ನೆಂಟರಿದ್ದರೆ ಮಾಡೋದು ಹೇಗೆ ಅಂತ ತೋರಿಸ್ತಾರೆ.

ಮೋಡ ಸರಿದು ಇಬ್ಬನಿ ಶುರುವಾದ ಮೇಲೆ ಬರೋದು ಬೂದಿ ರೋಗ. ಬಟಾಣಿ, ಗುಲಾಬಿ ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತೆ. ಇದಕ್ಕೆ ಬೋರ್ಡೋ ಅಲ್ಲ, ನೀರಲ್ಲಿ ಕದಡೋ ಗಂಧಕ, ಲೀಟರಿಗೆ 2-3 ಗ್ರಾಂ, ಇಬ್ಬನಿ ಆರಿದ ಮೇಲೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆ ಗಂಧಕ ಮುಟ್ಟಬೇಡಿ, ಎಲೆ ಸುಡುತ್ತೆ.

ದಸರಾಗೆ ಬೀಜ ಹಾಕೋ ಲೆಕ್ಕ ಈಗ ನಡೀತಿಲ್ಲ ಅಂತ ಬೇಸರ ಮಾಡ್ಕೊಂಡಿದೀರ. ಮಳೆ ಸ್ವಾತಿ, ವಿಶಾಖ ನಕ್ಷತ್ರ ಮುಗಿದು ನವೆಂಬರ್ ಕೊನೆಯ ಅನುರಾಧಾವರೆಗೂ ಎಳೆದರೆ ಮೊದಲು ಹಾಕಿದ್ದು ಕೊಳೆಯುತ್ತೆ. ಅದಕ್ಕೆ ಬೀಜ ಒಂದೇ ಸಲ ಸುರೀಬೇಡಿ. ಹದಿನೈದು ದಿನಕ್ಕೊಂದು ಹಿಡಿ ಹಾಕ್ತಾ ಹೋಗಿ. ಈಗಲೂ ಮೂಲಂಗಿ, ಕೊತ್ತಂಬರಿ, ಮೆಂತ್ಯ, ಪಾಲಕ್, ನವಿಲುಕೋಸು ಚೆನ್ನಾಗೇ ಬರುತ್ತೆ. ದಂಟು ಬೇಡ, ಅದಕ್ಕೆ ಬೇಸಿಗೆನೇ ಸರಿ. ಅವರೆ ಇದ್ದರಂತೂ ಈ ಇಬ್ಬನಿಗೇ ಸೊಗಡು ಕಟ್ಟೋದು, ಹೇನು ಹತ್ತಿದ ತುದಿ ಚಿವುಟಿ ಬಿಸಾಕಿದ್ರೆ ಸಾಕು.

ಬೇಸಿಗೆ ಟೊಮೆಟೊ, ಬದನೆಗೆ ಸಸಿ ಎಬ್ಬಿಸೋದಿದ್ದರೆ ಟ್ರೇನ ಬಚ್ಚಲೊಲೆ ಹಂಡೆ ಪಕ್ಕ ಇಡಿ, ಮೊಳಕೆ ಬೇಗ ಬರುತ್ತೆ. ನಿಮ್ಮ ಮನೇಲಿ ಗೀಸರ್ ಇದ್ದರೆ ಫ್ರಿಜ್ಜಿನ ತಲೆ ಮೇಲೆ ಇಟ್ಟರೂ ನಡೆಯುತ್ತೆ. ಮೊಳಕೆ ಕಂಡ ದಿನವೇ ಬಿಸಿಲಿಗೆ ತನ್ನಿ, ಇಲ್ಲಾಂದ್ರೆ ಕಡ್ಡಿ ಥರ ಉದ್ದಕ್ಕೆ ಹೋಗುತ್ತೆ.

ಅರಸೀಕೆರೆ, ಕಡೂರು ಕಡೆಯವರು ಇದನ್ನ ಓದ್ತಿದ್ದರೆ, ನಿಮಗೆ ಮಂಜು ಕಮ್ಮಿ, ಬೂದಿ ರೋಗಕ್ಕಿಂತ ಮಧ್ಯಾಹ್ನದ ಬಿಸಿಲು ಕಡೆ ಗಮನ ಇರಲಿ. ಮೂಡಿಗೆರೆ, ಸಕಲೇಶಪುರದವರಿಗೆ ಹತ್ತು ಗಂಟೆವರೆಗೆ ಮಂಜೇ ಹರಿಯಲ್ಲ, ನೀರು ಹನ್ನೊಂದಕ್ಕೇ ಕೊಡಿ.

ಅಕ್ಕ, ಉಗುರಲ್ಲಿ ಕೆರೆದ ಕರಿಬೇವಿನ ಕಾಂಡದ ಫೋಟೊ ಮತ್ತೆ ಟೊಮೆಟೊ ಎಲೆ ಮಗುಚಿ ತೆಗೆದದ್ದು, ಎರಡೂ ನಾಳೆ ಬೆಳಿಗ್ಗೆ ಇಲ್ಲೇ ಹಾಕಿ. ಕುಂಡದ ತೂತು ಕಟ್ಟಿದೆಯಾ ಅಂತಾನೂ ನೋಡಿ ಹೇಳಿ, ಮೂರನೇ ಫೋಟೊದಲ್ಲಿ ತಟ್ಟೆ ತುಂಬ ನೀರು ನಿಂತಿರೋ ಹಾಗಿದೆ.