ಕ್ರೆಬ್ಸ್ ಸೈಕಲ್ ವಾರ್ಡಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ?

ಕ್ರೆಬ್ಸ್ ಸೈಕಲ್, ಅಂದರೆ ಜೀವಕೋಶ ಆಹಾರವನ್ನು ಉರಿಸಿ ಶಕ್ತಿ ಪಡೆಯುವ ರಾಸಾಯನಿಕ ಚಕ್ರ, ಎಷ್ಟು ಉರು ಹೊಡೆದರೂ ವಾರದಲ್ಲಿ ಮರೆತುಹೋಗುತ್ತದೆ, ಮುಂದೆ ರೋಗಿಯ ಮುಂದೆ ನಿಂತಾಗ ಇದರಿಂದ ಏನು ಉಪಯೋಗ ಅಂತ ಕೇಳಿದ್ದೀರಿ. ನಾನೂ ಫಸ್ಟ್ ಇಯರ್‌ನಲ್ಲಿ ಇದನ್ನೇ ಗೊಣಗುತ್ತಿದ್ದೆ. ವೈವಾದಲ್ಲಿ ಒಪ್ಪಿಸಿ ಕ್ಯಾಂಟೀನ್ ತಲುಪುವಷ್ಟರಲ್ಲಿ ಅರ್ಧ ಹೋಗಿರುತ್ತಿತ್ತು.

ಪ್ರಾಕ್ಟಿಕಲ್‌ನಲ್ಲಿ ಮೂತ್ರದಲ್ಲಿ ಕೀಟೋನ್ ಹುಡುಕುವ ರೊಥೆರಾ ಟೆಸ್ಟ್ ಮಾಡಿರುತ್ತೀರಿ ಅಲ್ವಾ? ಮೂತ್ರಕ್ಕೆ ಅಮೋನಿಯಂ ಸಲ್ಫೇಟನ್ನು ಕರಗದೆ ತಳದಲ್ಲಿ ಉಳಿಯುವಷ್ಟು ಹಾಕಿ, ಚಿಟಿಕೆ ಸೋಡಿಯಂ ನೈಟ್ರೋಪ್ರುಸೈಡ್ ಸೇರಿಸಿ ಕುಲುಕಿ, ಟ್ಯೂಬಿನ ಒಳಗೋಡೆಗುಂಟ ಮೆಲ್ಲಗೆ ಅಮೋನಿಯಾ ಬಿಟ್ಟರೆ ನೇರಳೆ ಉಂಗುರ ಬರುತ್ತದೆ. ನಾನು ಮೂಗು ಮುಚ್ಚಿಕೊಂಡು ‘ಕೀಟೋನ್ ಇದೆ’ ಅಂತ ರೆಕಾರ್ಡಿನಲ್ಲಿ ಬರೆದು ಸುಮ್ನೆ ಎದ್ದು ಬಂದಿದ್ದೆ. ಅದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ನೀವು ಅಲ್ಲಿಂದಲೇ ಶುರು ಮಾಡಿ.

ಟೈಪ್ 1 ಸಕ್ಕರೆ ಕಾಯಿಲೆಯ ಹುಡುಗನೊಬ್ಬ ಇನ್ಸುಲಿನ್ ಬಿಟ್ಟ ಅಂದುಕೊಳ್ಳಿ. ರಕ್ತದಲ್ಲಿ ಗ್ಲೂಕೋಸ್ ತುಂಬಿ ತುಳುಕುತ್ತಿದೆ, ಆದರೆ ಸ್ನಾಯುವಿನೊಳಗೆ ಸರಿಯಾಗಿ ಹೋಗುತ್ತಿಲ್ಲ. ಮದುವೆಮನೆಯಲ್ಲಿ ಉಪವಾಸ ಕೂತ ಹಾಗೆ. ತಡೆಯುವ ಇನ್ಸುಲಿನ್ ಇಲ್ಲದ್ದರಿಂದ ಕೊಬ್ಬು ಕರಗಿ, ಫ್ಯಾಟಿ ಆಸಿಡ್ ಲಿವರಿಗೆ ಬಂದು, ಅಲ್ಲಿ ರಾಶಿ ರಾಶಿ ಅಸಿಟೈಲ್ ಕೋಎ ಆಗುತ್ತದೆ. ಇದು ಕ್ರೆಬ್ಸ್ ಸೈಕಲ್ ಒಳಗೆ ಹೋಗಬೇಕಾದರೆ ಆಕ್ಸಲೋಅಸಿಟೇಟ್ ಎಂಬ ಅಣು ಕೈ ಹಿಡಿಯಬೇಕು. ಲಿವರ್ ಅದನ್ನು ಹೊಸ ಗ್ಲೂಕೋಸ್ ಮಾಡಲು ಎಳೆದುಕೊಂಡಿದೆ, ಮೊದಲೇ ಸಕ್ಕರೆ ಜಾಸ್ತಿ ಇರುವ ಮೈಯಲ್ಲಿ! ದಾರಿ ಕಟ್ಟಿದ ಅಸಿಟೈಲ್ ಕೋಎ ಕೀಟೋನ್ ಆಗುತ್ತದೆ. ಥಯೋಫೊರೇಸ್ ಎಂಬ ಕಿಣ್ವ ಇಲ್ಲದ ಲಿವರ್‌ಗೆ ಅದನ್ನು ಉರಿಸಲು ಬರುವುದಿಲ್ಲ, ರಕ್ತಕ್ಕೆ ತಳ್ಳುತ್ತದೆ. ಹೀಗೆ ಆಮ್ಲ ಹೆಚ್ಚಿ ರಕ್ತದ ಪಿಎಚ್ 7.3ಕ್ಕಿಂತ ಕೆಳಗಿಳಿಯುತ್ತದೆ. ಆ ಆಮ್ಲ ಇಳಿಸಲು ಹುಡುಗ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತಾ ಆಳವಾಗಿ, ಬೇಗ ಬೇಗ ಉಸಿರಾಡುತ್ತಾನೆ. ಜರ್ಮನ್ ವೈದ್ಯ ಕುಸ್ಮೌಲ್ 1874ರಲ್ಲಿ ಬರೆದಿಟ್ಟದ್ದು ಇದೇ ಉಸಿರು. ಹತ್ತಿರ ಹೋದರೆ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ಅದು ಅಸಿಟೋನ್.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇದೇ ಕಾಯಿಲೆಯ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇನ್ಸುಲಿನ್ ಇಂಜೆಕ್ಷನ್ ಅಷ್ಟಾಗಿ ಫಲ ಕೊಡಲಿಲ್ಲ. ಶುದ್ಧಮಾಡಿದ ಇನ್ಸುಲಿನ್ ಕೊಟ್ಟಾಗ ಮೂತ್ರದ ಕೀಟೋನ್ ಮಾಯವಾಯಿತು.

ಇನ್ನೊಂದು ಮಾತು. ಆ ನೇರಳೆ ಬಣ್ಣ ಅಸಿಟೋಅಸಿಟೇಟ್ ಎಂಬ ಕೀಟೋನನ್ನು ಹಿಡಿಯುತ್ತದೆ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದನ್ನು ಹಿಡಿಯುವುದಿಲ್ಲ. ಡಿಕೆಎಯಲ್ಲಿ (ಡಯಾಬಿಟಿಕ್ ಕೀಟೋಅಸಿಡೋಸಿಸ್, ಮೇಲಿನ ಹುಡುಗನಿಗೆ ಆದದ್ದು) ಜಾಸ್ತಿ ಇರುವುದು ಎರಡನೆಯದೇ. ಚಿಕಿತ್ಸೆ ಶುರುವಾದ ಮೇಲೆ ಅದು ಅಸಿಟೋಅಸಿಟೇಟ್ ಆಗಿ ಬದಲಾಗುವುದರಿಂದ ರೋಗಿ ಸುಧಾರಿಸುತ್ತಿದ್ದರೂ ವಾರ್ಡಿನಲ್ಲಿ ಮೂತ್ರದ ಕೀಟೋನ್ ನೋಡುವ ಸ್ಟ್ರಿಪ್ ಇನ್ನೂ ಗಾಢವಾಗಬಹುದು. ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಒಬ್ಬ ರೋಗಿಯ ಅಂಥ ಸ್ಟ್ರಿಪ್ ಹಿಡಿದು ಓಡಿದ್ದೆ. ಪಿಜಿ ಮೇಡಂ ಸ್ಟ್ರಿಪ್ ಕಡೆ ತಿರುಗಿಯೂ ನೋಡಲಿಲ್ಲ. “ಮೊದಲು ಅವನ ಉಸಿರು ಎಣಿಸಿಕೊಂಡು ಬಾ” ಅಂದರು. ಎಣಿಸಿದೆ. ನಿಮಿಷಕ್ಕೆ 20. ಸಂಜೆ 36 ಇತ್ತು.