‘ಸಮರ್ಥಿಸಿ’ ಅಂದರೆ ಏನು ಬರೆಯಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಮಗಳಿಗೆ ಗಣಿತದಲ್ಲೂ ‘ಸಮರ್ಥಿಸಿ’, ಕನ್ನಡದಲ್ಲೂ ‘ಸಮರ್ಥಿಸಿ’ ಅಂತ ಪ್ರಶ್ನೆ ಬರುತ್ತದೆ, ಪೇಪರಿನಲ್ಲಿ ನೋಡಿದರೆ ‘ಸಚಿವರು ಸಮರ್ಥಿಸಿಕೊಂಡರು’, ಎಲ್ಲ ಒಂದೆಯಾ ಅಂತ ಕೇಳಿದ್ದೀರಿ. ಒಂದೇ ಅಲ್ಲ.

ಗಣಿತದಲ್ಲಿ ಪರ-ವಿರೋಧದ ಮಾತಿಲ್ಲ, ಕಾರಣ ಬೇಕು ಅಷ್ಟೆ. ‘5, 9, 13, 17… ಈ ಶ್ರೇಣಿಯಲ್ಲಿ 100 ಬರುತ್ತದೆಯೇ? ಸಮರ್ಥಿಸಿ’ ಅಂತಿದ್ದರೆ ಬರೇ ‘ಬರುವುದಿಲ್ಲ’ ಅರ್ಧ ಉತ್ತರ. ಪದಗಳು ನಾಲ್ಕು ನಾಲ್ಕು ಹೆಚ್ಚುತ್ತವೆ, 5ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಎಲ್ಲ ಪದಗಳಿಗೂ ಶೇಷ 1. 100ಕ್ಕೆ ಶೇಷ 0. ಆದ್ದರಿಂದ ಬರುವುದಿಲ್ಲ. ಪದಗಳನ್ನೆಲ್ಲ ಬರೆಯುತ್ತಾ ಹೋಗಿ 97ರ ನಂತರ 101 ಅಂತ ತೋರಿಸಿದರೂ ತರ್ಕ ಸರಿಯೇ, ಆದರೆ 100ರ ಜಾಗದಲ್ಲಿ 10,000 ಇದ್ದರೆ ಕೈಸೋಲುತ್ತದೆ. ಮಲಯಾಳದಲ್ಲೂ ಇದೇ ಕ್ರಿಯಾಪದಕ್ಕೆ ‘ಸಾಧಿಸಿ ತೋರಿಸು’ ಎಂಬ ಅರ್ಥ ಇರುವುದರಿಂದ ನಮ್ಮ ಮಕ್ಕಳಿಗೆ ಈ ಬಳಕೆ ಹೊಸತೆನಿಸುವುದಿಲ್ಲ.

ಕನ್ನಡ ಪ್ರಶ್ನೆಪತ್ರಿಕೆಯ ‘ಹೇಳಿಕೆಯನ್ನು ಸಮರ್ಥಿಸಿ’ ಬೇರೆ. ಅಲ್ಲಿ ಹೇಳಿಕೆಯ ಪರ ನಿಲ್ಲಲೇಬೇಕು, ಪಾಠದಿಂದ ಆಧಾರ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಪಾಠದ ಸಾರಾಂಶ ಬರೆದು ಮುಗಿಸುತ್ತಾರೆ, ಹೇಳಿಕೆಗೂ ಅದಕ್ಕೂ ಕೊಂಡಿಯೇ ಇರುವುದಿಲ್ಲ. ಎರಡೂ ಬದಿ ತೂಗಬೇಕಾದದ್ದು ‘ವಿಮರ್ಶಿಸಿ’ ಅಂದಾಗ.

ಇದನ್ನು ‘ಬೆಂಬಲಿಸು’ ಜೊತೆ ಕಲಸಬೇಡಿ. ಬೆಂಬಲಿಸಲು ಕೈ ಎತ್ತಿದರೂ ಸಾಕು, ಸಮರ್ಥಿಸಲು ಬಾಯಿ ಬಿಡಬೇಕು.

ಇನ್ನು ‘ಕೊಳ್ಳು’ ಸೇರಿದರೆ ತನ್ನದೇ ಮಾತು, ತನ್ನದೇ ಕೆಲಸ. ಆರೋಪ ಮೊದಲೇ ಬಂದಿರುತ್ತದೆ, ಆದ್ದರಿಂದ ಓದುಗನಿಗೆ ಸ್ವಲ್ಪ ಸಂಶಯದ ವಾಸನೆಯೂ ಬರುತ್ತದೆ. ವಾಲಿವಧೆಯ ತಾಳಮದ್ದಳೆ (ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳುತ್ತಾನೆ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ನಾನು ಸುಗ್ರೀವನಿಗೆ ಮಾತು ಕೊಟ್ಟಿದ್ದೆ, ಭರತನ ಆಳ್ವಿಕೆಯಲ್ಲಿ ಶಿಕ್ಷಿಸುವ ಹೊಣೆ ನನ್ನದು, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯಬಹುದು ಅಂತ ರಾಮ ಸಮರ್ಥಿಸಿಕೊಳ್ಳುತ್ತಾನೆ. ನನ್ನ ಲೆಕ್ಕದಲ್ಲಿ ಮೊದಲಿನದು ಗಟ್ಟಿ ಕಾರಣ, ಕೊನೆಯದು ಬರೇ ಸಮಜಾಯಿಷಿ. ವಾಲಿಯ ಅರ್ಥಧಾರಿ, ಅಂದರೆ ವಾಲಿಯಾಗಿ ಮಾತಾಡುವವರು, ಜೋರಿನವರಾದರೆ ಆ ಕೊನೆಯದನ್ನೇ ಹಿಡಿದು ಜಗ್ಗುತ್ತಾರೆ.